ಮೂವತ್ತು ದಿನ ಎಣಿಸೋದು ಯಾವತ್ತಿಂದ?

ಕೊಟ್ಟ ಸಾಲ ಯಾವಾಗ ವಾಪಸ್ ಬರುತ್ತೆ ಅಂತ ಕೇಳಿದರೆ ನಮ್ಮ ದೊಡ್ಡಪ್ಪ, ‘ಅಂಕೋಲಾ ರೈಲು ಬಂದ ದಿನ’ ಅಂತಾರೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಂಜೂರಾಗಿದ್ದು 1990ರ ದಶಕದಲ್ಲಿ. ಸುಮಾರು 165 ಕಿ.ಮೀ. ಹಳಿ. ಘಟ್ಟದ ಕಾಡು, ಕೋರ್ಟು, ಸಮಿತಿ ಅಂತ ಇಷ್ಟು ವರ್ಷ ಆಯ್ತು. ಕಲಘಟಗಿ ಕಡೆಯವನಾದ ನನಗೂ ಆ ರೈಲು ಬೇಕು. ಆದರೆ ‘ಕೇಸ್ ಹಾಕೋರಿಗೆ ಗಡುವು ಹಾಕಿ, ಎಲ್ಲಾ ಸರಿಹೋಗುತ್ತೆ’ ಅನ್ನೋ ವಾಟ್ಸಾಪ್ ಮಾತು ಒಪ್ಪಲಾರೆ.

ಗಡುವು ಈಗಾಗಲೇ ಇದೆ. ಪರಿಸರ ಅನುಮತಿಯನ್ನೋ ಅರಣ್ಯ ಅನುಮತಿಯನ್ನೋ ಪ್ರಶ್ನಿಸಬೇಕಾದರೆ, ಆದೇಶ ತಿಳಿಸಿದ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಹೋಗಬೇಕು. ತಕ್ಕ ಕಾರಣ ಇದ್ದರೆ ಇನ್ನು 60 ದಿನ ಕೊಡಬಹುದು. 91ನೇ ದಿನಕ್ಕೆ ಬಾಗಿಲು ಬಂದ್. ನಮ್ಮ ಪೀಠ ಇರೋದು ಚೆನ್ನೈನಲ್ಲಿ. ಗೋವಿನಜೋಳದ ಕೊಯ್ಲು ಬಿಟ್ಟು, ವಕೀಲರನ್ನು ಹುಡುಕಿ, ಇಂಗ್ಲಿಷ್ ಕಾಗದ ಓದಿಸಿಕೊಂಡು ಅಲ್ಲಿಗೆ ಹೋಗೋಕೆ ಒಂದು ತಿಂಗಳು!

ರೈಲಿನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಪರಿಸರ ಅನುಮತಿ ಬೇಕಾದ ಯೋಜನೆಗಳ ಪಟ್ಟಿ 2006ರ ಅಧಿಸೂಚನೆಯಲ್ಲಿದೆ. ಅದರಲ್ಲಿ ಹೆದ್ದಾರಿ ಇದೆ, ಬಂದರು ಇದೆ, ವಿಮಾನ ನಿಲ್ದಾಣ ಇದೆ. ರೈಲು ಹಳಿ ಇಲ್ಲ. ಅಂದರೆ ಆ ಅಧಿಸೂಚನೆ ಹೇಳೋ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ, ಅದಕ್ಕೆ 30 ದಿನ ಮೊದಲು ಕೊಡೋ ನೋಟಿಸೂ ಇಲ್ಲ. ಮೋರಿ ಎಲ್ಲಿ ಬರುತ್ತೆ, ಕೆರೆಗೆ ಬರೋ ಹಳ್ಳ ಯಾವ ಕಡೆ ತಿರುಗುತ್ತೆ, ದನ ಹಳಿ ದಾಟೋದು ಎಲ್ಲಿ ಅಂತ ಕೇಳೋಕೆ ಜಾಗವೇ ಇಲ್ಲ. ಮರಕ್ಕೆ ನಂಬರ್ ಬರೆದಾಗಲೇ ಊರಿಗೆ ಗೊತ್ತಾಗೋದು.

ಆಮೇಲೆ ಉಳಿಯೋದು ದೊಡ್ಡ ಕೋರ್ಟುಗಳು. ವನ್ಯಜೀವಿ ಕಾಯ್ದೆಯ ವಿಷಯವಾದರಂತೂ ಅದು ಹಸಿರು ನ್ಯಾಯಮಂಡಳಿಯ ವ್ಯಾಪ್ತಿಗೇ ಬರೋದಿಲ್ಲ. ನಮ್ಮ ತಿನೈಘಾಟ್, ಕ್ಯಾಸಲ್‌ರಾಕ್ ಮೂಲಕ ಗೋವಾಕ್ಕೆ ಇಳಿಯೋ ಜೋಡಿ ಹಳಿ ಯೋಜನೆಯನ್ನೇ ನೋಡಿ. ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೊದಲೇ ಊರಲ್ಲಿ ಕೂತು ಕೇಳದ ಪ್ರಶ್ನೆ ಕೊನೆಗೆ ದಿಲ್ಲಿಯಲ್ಲಿ ಎದ್ದರೆ ರೈಲೂ ತಡ, ಖರ್ಚೂ ಜಾಸ್ತಿ.

ಆದ್ದರಿಂದ ಗಡುವು ಇರಲಿ, ಬೇಕಾದರೆ ಬಿಗಿಯಾಗಿಯೇ ಇರಲಿ. ರೈಲನ್ನೂ ಆ ಪಟ್ಟಿಗೆ ಸೇರಿಸಿ, ಅಹವಾಲು ಕೇಳಿ. ಆದೇಶವನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಿದ ದಿನದಿಂದ ದಿನ ಎಣಿಸಿ. ಯಾವುದೋ ವೆಬ್‌ಸೈಟಿಗೆ ಹಾಕಿದ ದಿನದಿಂದ ಅಲ್ಲ.

ಹೆದ್ದಾರಿಯಂಥ ಯೋಜನೆಗಳಿಗಾದರೆ, ಅನುಮತಿ ಪತ್ರದ ಪ್ರತಿ ಪಂಚಾಯ್ತಿಗೆ ಬರಬೇಕು, 30 ದಿನ ಎಲ್ಲರಿಗೂ ಕಾಣೋ ಹಾಗೆ ಹಾಕಿರಬೇಕು ಅಂತ ಈಗಲೇ ನಿಯಮ ಇದೆ. ನಿಮ್ಮ ಊರಿನ ಹತ್ತಿರ ಅಂಥ ಕೆಲಸ ನಡೀತಿದ್ದರೆ ಪಿಡಿಒ ಅವರನ್ನು ಒಮ್ಮೆ ಕೇಳಿ: ‘ಸಾರ್, ಆ ಕಾಗದ ಬಂತಾ? ಎಲ್ಲಿ ಅಂಟಿಸಿದ್ದೀರಿ?’