ವಿದ್ಯೆಗೆ ಹೋದ ಮಗಳು ತಾಯಿಯಾದರೆ

ಶ್ರಾವಣವು ಕಳೆದು ಭಾದ್ರಪದವು ಬರುವ ಹೊತ್ತಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾಣಬರುವ ದೃಶ್ಯವು ನಮ್ಮ ವಾಚಕರಲ್ಲಿ ಅನೇಕರಿಗೆ ಸ್ವಾನುಭವದಿಂದಲೇ ಪರಿಚಿತವಾಗಿರುವುದು. ದಾವಣಗೆರೆಯಿಂದಲೂ ಹಾಸನದಿಂದಲೂ ಧಾರವಾಡದಿಂದಲೂ ಬಂದ ತಂದೆತಾಯಿಗಳು ಚಟ್ನಿಪುಡಿ ಉಪ್ಪಿನಕಾಯಿಗಳನ್ನು ತುಂಬಿದ ಪೆಟ್ಟಿಗೆಗಳೊಡನೆ ಮಗಳನ್ನು ಇಂಗ್ಲೆಂಡಿನ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿಕೊಡುವರು. ಮನೆಯನ್ನು ಒತ್ತೆಯಿಟ್ಟು ತಂದ ಸಾಲವೂ ಮನೆತನದ ಅಭಿಮಾನವೂ ಅವಳೊಡನೆ ಅದೇ ವಿಮಾನವನ್ನು ಏರುವುವು. ಚಳಿಯ ಉಡುಪು, ಬ್ಯಾಂಕಿನ ಕಾಗದ, ಬಾಡಿಗೆಯ ಕೋಣೆ, ಊಟದ ಏರ್ಪಾಡು, ಇವೆಲ್ಲದರ ಮಾತೂ ಮನೆಯಲ್ಲಿ ಹತ್ತು ಸಲ ಆಗಿರುತ್ತದೆ. ಒಂದು ಮಾತು ಮಾತ್ರ ಆಗಿರುವುದಿಲ್ಲ. ಅಲ್ಲಿ ಓದುತ್ತಿರುವಾಗ ಎಣಿಸದೆ ಬಸಿರಾದರೆ ಏನು ಮಾಡತಕ್ಕದ್ದು ಎಂಬುದೇ ಆ ಮಾತು.

ದಿನಪತ್ರಿಕೆಯ ಅಗ್ರಲೇಖನದಲ್ಲಿ ಇಂತಹ ವಿಷಯವನ್ನು ಎತ್ತುವುದು ಉಚಿತವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ದೇಶದ ಹೆಣ್ಣುಮಕ್ಕಳು ಸಾವಿರಗಟ್ಟಲೆಯಾಗಿ ಪರದೇಶಕ್ಕೆ ವಿದ್ಯೆಗಾಗಿ ಹೋಗುತ್ತಿರುವ ಕಾಲದಲ್ಲಿ, ಅವರ ದೇಹಕ್ಕೆ ಸಂಭವಿಸಬಹುದಾದುದನ್ನು ಕುರಿತು ಮಾತನಾಡುವುದು ಸಂಕೋಚದ ವಿಷಯವಲ್ಲ, ಕರ್ತವ್ಯದ ವಿಷಯ. ಮಾತನಾಡದೆ ಉಳಿದುದರಿಂದ ಆಗುವ ಹಾನಿಯು ಎಷ್ಟೆಂಬುದನ್ನು ಒಂದು ದೃಷ್ಟಾಂತದಿಂದ ವಿಶದಪಡಿಸುವೆವು.

ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಲೆಸ್ಟರಿಗೋ ಶೆಫೀಲ್ಡಿಗೋ ಹೋದ ಇಪ್ಪತ್ತಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಹೊರಡುವ ಮುನ್ನವೇ ಮದುವೆಯಾದವಳೆಂದಾಗಲಿ, ಆಗದವಳೆಂದಾಗಲಿ ಭಾವಿಸಿರಿ. ನಮ್ಮ ವಾದಕ್ಕೆ ಅದರಿಂದ ಭೇದವಿಲ್ಲ. ನವೆಂಬರಿನಲ್ಲಿ ಅವಳಿಗೆ ತಾನು ಗರ್ಭಿಣಿಯೆಂದು ತಿಳಿಯುತ್ತದೆ. ಮನೆಗೆ ಹೇಳಿದರೆ ತಂದೆಯ ಕೋಪ. ಕಾಲೇಜಿಗೆ ಹೇಳಿದರೆ ಹೊರಗೆ ಹಾಕುವರೆಂಬ ಭೀತಿ. ವೈದ್ಯರಲ್ಲಿಗೆ ಹೋದರೆ ವೀಸಾ ಹೋಗುವುದೆಂಬ ಮೂಢ ಕಲ್ಪನೆ. ಹೀಗೆ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡು ಅವಳು ಕೋಣೆಯ ಬಾಗಿಲನ್ನು ಹಾಕಿಕೊಳ್ಳುವಳು. ವಾಂತಿಯಿಂದ ತರಗತಿಗಳು ತಪ್ಪುತ್ತವೆ. ಪ್ರಬಂಧಗಳ ಗಡುವು ಮೀರುತ್ತದೆ. ಹಾಜರಿಯ ವಿಷಯವಾಗಿ ಬಂದ ಪತ್ರಗಳಿಗೆ ಉತ್ತರ ಹೋಗುವುದಿಲ್ಲ. ಕಡೆಗೆ ಅವಳ ವ್ಯಾಸಂಗವನ್ನು ಮುರಿಯುವುದು ಗರ್ಭವಲ್ಲ, ಉತ್ತರವಿಲ್ಲದ ಆ ಪತ್ರಗಳು. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ತರಗತಿಗೆ ಬರದೆ ಹೋದರೆ ಅದನ್ನು ಸರ್ಕಾರಕ್ಕೆ ತಿಳಿಸುವುದು ಅಲ್ಲಿಯ ವಿಶ್ವವಿದ್ಯಾನಿಲಯಗಳ ಮೇಲೆ ಹೊರಿಸಿರುವ ಹೊಣೆ. ಕಾರಣವು ತಿಳಿದಿದ್ದರೆ ದಾರಿ ತೆರೆಯಬಹುದು. ಮೌನಕ್ಕೆ ಯಾವ ದಾರಿಯನ್ನು ತೆರೆಯುವುದು?

ಆಂಗ್ಲರ ದೇಶದಲ್ಲಿ ಈ ವಿಷಯದ ಕಾನೂನು ಏನೆಂಬುದನ್ನು ನಮ್ಮ ಜನರು ಅರಿತಿರುವುದು ಅವಶ್ಯ. 2010ನೆಯ ಇಸವಿಯ ಸಮಾನತಾ ಶಾಸನವು ಗರ್ಭವನ್ನೂ ಮಾತೃತ್ವವನ್ನೂ ರಕ್ಷಿತ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿದೆ. ಗರ್ಭಿಣಿಯೆಂಬ ಕಾರಣಕ್ಕಾಗಿ ವಿದ್ಯಾರ್ಥಿನಿಯನ್ನು ತೆಗೆದುಹಾಕುವುದಾಗಲಿ, ಹೆರಿಗೆಯಾದ 26 ವಾರಗಳೊಳಗೆ ಆ ಕಾರಣದಿಂದ ಅವಳನ್ನು ಹೀನವಾಗಿ ಕಾಣುವುದಾಗಲಿ ನ್ಯಾಯಬಾಹಿರ. ಹಸುಳೆಗೆ ಹಾಲೂಡಿಸುವುದಕ್ಕೂ ಈ ರಕ್ಷಣೆಯುಂಟು. ಈ ಶಾಸನವು ಸ್ವದೇಶಿ ವಿದೇಶಿ ಎಂಬ ಭೇದವನ್ನೆಣಿಸುವುದಿಲ್ಲ. ಮಗಳು ವಯಸ್ಕಳಾದುದರಿಂದ ವೈದ್ಯರಾಗಲಿ ವಿಶ್ವವಿದ್ಯಾನಿಲಯದವರಾಗಲಿ ಅವಳ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೆ ಸುದ್ದಿಯನ್ನು ಮುಟ್ಟಿಸುವಂತೆಯೂ ಇಲ್ಲ.

ವೈದ್ಯಕೀಯದ ಮಾತೂ ಹೀಗೆಯೇ. ವೀಸಾ ಪಡೆಯುವಾಗ ವಿದ್ಯಾರ್ಥಿಗಳು ಆರೋಗ್ಯದ ಮೇಲುತೆರಿಗೆಯನ್ನು ಕೊಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ಅದನ್ನು ವರ್ಷವೊಂದಕ್ಕೆ 776 ಪೌಂಡುಗಳಿಗೆ ಏರಿಸಲಾಯಿತು. ಈ ಹಣವನ್ನು ಕೊಟ್ಟವಳಿಗೆ ಬಸಿರಿನ ತಪಾಸಣೆ, ಹೆರಿಗೆ, ಬಾಣಂತಿಯ ಆರೈಕೆ ಎಲ್ಲವೂ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಬೇರೆ ಶುಲ್ಕವಿಲ್ಲದೆ ದೊರೆಯುತ್ತದೆ. ಇದು ಯಾರ ಔದಾರ್ಯವೂ ಅಲ್ಲ. ಮುಂಗಡವಾಗಿ ತೆತ್ತ ಹಣಕ್ಕೆ ಪ್ರತಿಫಲ. ಮಿಡ್‌ವೈಫ್ ಎನಿಸಿಕೊಂಡ ಪ್ರಸೂತಿ ದಾದಿಯನ್ನು 10 ವಾರಗಳು ತುಂಬುವುದರೊಳಗೆ ಕಾಣಬೇಕೆಂದು ಅಲ್ಲಿಯ ಸೇವೆಯವರು ಹೇಳುತ್ತಾರೆ. ಥಲಸೀಮಿಯದಂತಹ ರಕ್ತದೋಷಗಳ ಪರೀಕ್ಷೆಯು ಆ ಅವಧಿಯೊಳಗೆ ಆದರೆ ಒಳ್ಳೆಯದು. ತಡಮಾಡಿದಷ್ಟೂ ತಾಯಿಗೂ ಕೇಡು, ಕೂಸಿಗೂ ಕೇಡು.

ಗರ್ಭವನ್ನು ಮುಂದುವರಿಸಲು ಅವಳಿಗೆ ಶಕ್ಯವಿಲ್ಲವಾದರೆ, 1967ರ ಶಾಸನದಂತೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಇಬ್ಬರು ವೈದ್ಯರ ಸಮ್ಮತಿಯ ಮೇಲೆ 24 ವಾರಗಳವರೆಗೆ ಅದನ್ನು ನಿಲ್ಲಿಸಿಕೊಳ್ಳುವ ಮಾರ್ಗವುಂಟು. ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಅವಳ ಅಂತಃಕರಣಕ್ಕೆ ಸೇರಿದ ನಿರ್ಣಯ. ಆ ನಿರ್ಣಯವನ್ನು ಭಯದಿಂದಲ್ಲದೆ ವಿವೇಕದಿಂದ ಮಾಡುವಷ್ಟು ಕಾಲವೂ ಆಸರೆಯೂ ಅವಳಿಗೆ ದೊರೆಯಬೇಕೆಂಬುದಷ್ಟೇ ನಮ್ಮ ಆಗ್ರಹ. ಒಂದು ಎಚ್ಚರಿಕೆಯನ್ನೂ ಕೊಡಬೇಕಾಗಿದೆ. ಇಂಗ್ಲೆಂಡಿನಲ್ಲಿ ಸಲ್ಲುವುದು ಅಮೆರಿಕೆಯಲ್ಲಿಯೂ ಸಲ್ಲುವುದೆಂದು ಯಾರೂ ಎಣಿಸಕೂಡದು. ಅಲ್ಲಿ ಸರ್ಕಾರದ ಧನಸಹಾಯ ಪಡೆಯುವ ಕಾಲೇಜುಗಳು ಗರ್ಭಿಣಿಯರನ್ನು ಹೊರಗಿಡಕೂಡದೆಂಬ ಶಾಸನವು 1972ರಿಂದ ಉಂಟಾದರೂ, ಗರ್ಭಪಾತದ ವಿಷಯದಲ್ಲಿ 2022ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಸಂಸ್ಥಾನಕ್ಕೊಂದು ಕಾನೂನಾಗಿದೆ. ಹೋಗುವ ದೇಶದ ಕಾನೂನನ್ನು ಹೋಗುವ ಮುನ್ನವೇ ತಿಳಿದಿರಬೇಕು.

ಇಂಗ್ಲೆಂಡಿನ ವ್ಯವಸ್ಥೆಯಲ್ಲಿ ಕುಂದಿಲ್ಲವೆಂದು ನಾವು ಹೇಳಲಾರೆವು. ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿಗಳ ವೇತನದ ಮೇಲೆ ಡಾಕ್ಟರೇಟಿಗೆ ಓದುವವಳಿಗೆ 52 ವಾರಗಳ ಹೆರಿಗೆ ರಜೆ, ಅದರಲ್ಲಿ 26 ವಾರ ಪೂರ್ಣ ವೇತನ. ಸ್ವಂತ ಹಣವನ್ನು ಸುರಿದು ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಬಂದವಳಿಗಾದರೋ ಇಂತಹ ಯಾವ ವೇತನವೂ ಇಲ್ಲ. ವ್ಯಾಸಂಗಕ್ಕೆ 60 ದಿನಗಳಿಗಿಂತ ದೀರ್ಘವಾದ ವಿರಾಮವನ್ನು ತೆಗೆದುಕೊಂಡರೆ ವಿಶ್ವವಿದ್ಯಾನಿಲಯವು ಸಾಮಾನ್ಯವಾಗಿ ತನ್ನ ಪ್ರಾಯೋಜನೆಯನ್ನು ಹಿಂತೆಗೆದುಕೊಳ್ಳಬೇಕಾಗುವುದು. ಆಗ ಅವಳು ಸ್ವದೇಶಕ್ಕೆ ಹಿಂದಿರುಗಿ, ಹೊಸ ವೀಸಾ ಪಡೆದು ಮರಳಬೇಕು. ಹಡೆಯುವ ಕಾಲ ಸಮೀಪಿಸಿದ ಮೇಲೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಆದುದರಿಂದ ಊರಿಗೆ ಬಂದು ಹೆರುವುದೋ, ಅಲ್ಲಿಯೇ ಹೆತ್ತು ಅಲ್ಪ ವಿರಾಮದ ನಂತರ ಪರೀಕ್ಷೆಗಳನ್ನು ಮುಗಿಸುವುದೋ ಎಂಬುದನ್ನು ನಾಲ್ಕನೆಯ ಐದನೆಯ ತಿಂಗಳಿನಲ್ಲಿಯೇ ವಿಶ್ವವಿದ್ಯಾನಿಲಯದ ವೀಸಾ ಸಲಹೆಗಾರರೊಡನೆ ಕುಳಿತು ತೀರ್ಮಾನಿಸಬೇಕು. ಎಂಟನೆಯ ತಿಂಗಳಿನಲ್ಲಿ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ.

ಕೂಸು ಹುಟ್ಟಿದ ಮೇಲಿನ ನಿಯಮಗಳೂ ಸುಲಭವಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಅಲ್ಲಿಯ ಪ್ರಜೆಯಾಗುವ ಪದ್ಧತಿಯು 1983ರಲ್ಲಿಯೇ ಕೊನೆಗೊಂಡಿತು. ಮಗುವಿನೊಡನೆ ಊರಿಗೆ ಬಂದು ಮರಳಬೇಕಾದರೆ ಅದಕ್ಕೆ ಪ್ರತ್ಯೇಕ ವೀಸಾ ಬೇಕು. ನಮ್ಮ ದೇಶದ ಪೌರತ್ವ ಶಾಸನದಂತೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸದಿದ್ದರೆ ಮುಂದೆ ತೊಡಕು ತಪ್ಪದು. ಬಾಣಂತಿಯು ಇವೆಲ್ಲವನ್ನೂ ಒಬ್ಬಳೇ ನಿಭಾಯಿಸಬೇಕು. ಏಕೆಂದರೆ 2024ರ ಜನವರಿಯಿಂದ, ಪಾಠಕ್ರಮದ ಸ್ನಾತಕೋತ್ತರ ಪದವಿಗೆ ಬರುವವರು, ಸರ್ಕಾರದ ವೇತನ ಪಡೆದವರ ಹೊರತು, ಗಂಡನನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆತರುವುದನ್ನು ಅಲ್ಲಿಯ ಸರ್ಕಾರವು ನಿಲ್ಲಿಸಿದೆ. ವಿದೇಶಿ ವಿದ್ಯಾರ್ಥಿಗಳ ಶುಲ್ಕವು ಬೇಕು, ಅವರ ಕುಟುಂಬವು ಬೇಡ ಎಂಬ ನೀತಿಯು ನ್ಯಾಯವೆನ್ನಲು ನಮಗೆ ನಾಲಗೆ ಬಾರದು.

ಇಷ್ಟು ತೊಡಕುಗಳಿರುವಾಗ, ಓದಲು ಹೋದವಳು ಎಚ್ಚರಿಕೆಯಿಂದಿರಬೇಕಾಗಿತ್ತಲ್ಲವೆ ಎಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುವರು. ಎಚ್ಚರಿಕೆಯು ಒಳ್ಳೆಯದೇ. ಆದರೆ ಗರ್ಭನಿರೋಧದ ಯಾವ ಉಪಾಯವೂ ನೂರಕ್ಕೆ ನೂರು ಫಲಿಸುವುದಿಲ್ಲವೆಂಬುದನ್ನು ವೈದ್ಯರೆಲ್ಲರೂ ಬಲ್ಲರು. ನಮ್ಮ ದೇಶದ ಶಾಸನವೇ ಇದನ್ನು ಒಪ್ಪಿಕೊಂಡಿದೆ. 1971ರ ಗರ್ಭಪಾತ ಶಾಸನದಲ್ಲಿ ನಿರೋಧವು ವಿಫಲವಾದ ಮಾತು ಬರುವೆಡೆ ‘ವಿವಾಹಿತ ಸ್ತ್ರೀ ಮತ್ತು ಅವಳ ಗಂಡ’ ಎಂದಿದ್ದುದನ್ನು 2021ರಲ್ಲಿ ‘ಸ್ತ್ರೀ ಮತ್ತು ಅವಳ ಸಂಗಾತಿ’ ಎಂದು ತಿದ್ದಲಾಯಿತು. ಈ ಹಕ್ಕಿನಲ್ಲಿ ವಿವಾಹಿತೆ ಅವಿವಾಹಿತೆ ಎಂಬ ಭೇದವು ಸಲ್ಲದೆಂದು 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳದೆ ಬಿಡಲಾರೆವು. ಗರ್ಭಕ್ಕೆ ಇಬ್ಬರು ಕಾರಣರಾಗಿರುವಾಗ ಓದು ನಿಲ್ಲತಕ್ಕದ್ದು ಒಬ್ಬಳದೇ ಏಕೆ? ತಂದೆಯಾದ ತರುಣನ ಹಾಜರಿಯ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಅವನ ಮನೆತನದ ಮಾನವನ್ನು ಯಾರೂ ಹರಾಜಿಗೆ ಇಡುವುದಿಲ್ಲ.

ಆದುದರಿಂದ ನಮ್ಮ ಮೊದಲನೆಯ ಮಾತು ಮನೆಯವರಿಗೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹೇಳಿ, ತವರುಮನೆಯಲ್ಲಿ ತಿಂಗಳುಗಟ್ಟಲೆ ಬಾಣಂತನವನ್ನು ಮಾಡುವ ನಾಡು ನಮ್ಮದು. ಎಣ್ಣೆನೀರು, ಕಷಾಯ, ಬೆಚ್ಚನೆಯ ಕೋಣೆ, ರಾತ್ರಿಯೆಲ್ಲ ಕೂಸನ್ನು ತೂಗುವ ಅಜ್ಜಿ: ಇದು ನಮ್ಮ ಸಂಸ್ಕೃತಿಯ ಹೃದಯ. ಮಗಳು ಮನೆಯ ಎದುರಿಗಿದ್ದಾಗ ಇಷ್ಟು ಮಾಡುವವರು, ಅವಳು ಏಳು ಸಮುದ್ರಗಳಾಚೆ ಒಬ್ಬಳೇ ಇರುವಾಗ ದೂರವಾಣಿಯನ್ನು ಕೆಳಗಿಟ್ಟರೆ ಅದು ಯಾವ ಸಂಸ್ಕೃತಿ? ಸಂದರ್ಶಕರ ವೀಸಾದ ಮೇಲೆ ತಾಯಿಯು 6 ತಿಂಗಳವರೆಗೆ ಮಗಳ ಬಳಿ ಇದ್ದು ಬರಬಹುದು. ದಾವಣಗೆರೆಯ ಬಾಣಂತನವು ಲೆಸ್ಟರಿನಲ್ಲಿಯೂ ನಡೆಯಬಲ್ಲದು. ಅಥವಾ ಕೂಸನ್ನು ಊರಿನಲ್ಲಿ ಅಜ್ಜಿಯ ಮಡಿಲಿಗಿತ್ತು ಮಗಳು ಮರಳಿ ಹೋಗಿ ಪದವಿಯನ್ನು ಪೂರೈಸಬಹುದು. ದಾರಿಗಳು ಹಲವು ಉಂಟು. ಅವು ತೆರೆಯಬೇಕಾದರೆ ನವೆಂಬರಿನ ಆ ರಾತ್ರಿ ಮಗಳು ‘ಅಮ್ಮ’ ಎಂದು ಕರೆ ಮಾಡಿದಾಗ ಮೊದಲ ಉತ್ತರವು ಬೈಗಳಾಗಿರಕೂಡದು. ‘ಊಟ ಮಾಡಿದೆಯಾ? ವೈದ್ಯರನ್ನು ಕಂಡೆಯಾ? ಹೆದರಬೇಡ’ ಎಂಬ ಮೂರು ಮಾತುಗಳಾಗಿದ್ದರೆ ಸಾಕು. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಗೆ ಮಗಳ ಪ್ರಾಣವನ್ನೂ ವಿದ್ಯೆಯನ್ನೂ ಬಲಿಗೊಡುವುದು ಮರ್ಯಾದೆಯಲ್ಲ. ಆ ನಾಲ್ಕು ಜನರಲ್ಲಿ ಒಬ್ಬರೂ ಸಾಲದ ಕಂತನ್ನು ಕಟ್ಟುವವರಲ್ಲ.

ಎರಡನೆಯ ಮಾತು ಬ್ಯಾಂಕುಗಳಿಗೆ. ಬ್ಯಾಂಕುಗಳ ಸಂಘವು ರಚಿಸಿದ ಮಾದರಿ ವಿದ್ಯಾಸಾಲದ ಯೋಜನೆಯಲ್ಲಿ, ವ್ಯಾಸಂಗವು ನಿಗದಿಯಾದ ಕಾಲದಲ್ಲಿ ಮುಗಿಯದಿದ್ದರೆ 2 ವರ್ಷಗಳವರೆಗೆ ಅವಧಿಯನ್ನು ವಿಸ್ತರಿಸಲು ಅವಕಾಶವಿದೆ. ಹೆರಿಗೆಯು ಇಂತಹ ವಿಸ್ತರಣಕ್ಕೆ ತಾನಾಗಿಯೇ ಯೋಗ್ಯವಾದ ಕಾರಣವೆಂದು ಸ್ಪಷ್ಟವಾಗಿ ಬರೆದಿಡಬೇಕು. ಅದು ಶಾಖೆಯ ಅಧಿಕಾರಿಯ ದಯೆಗೆ ಬಿಟ್ಟ ವಿಷಯವಾಗಕೂಡದು.

ಮೂರನೆಯ ಮಾತು ಸರ್ಕಾರದವರಿಗೆ. ನಮ್ಮ ಮನೆಯೊಳಗೆ ಈ ಬೆಳಕು ಸ್ವಲ್ಪ ಹರಿದಿದೆ. ಡಾಕ್ಟರೇಟಿಗೆ ಓದುವ ಸ್ತ್ರೀಯರಿಗೆ 240 ದಿನಗಳ ಹೆರಿಗೆ ರಜೆಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2016ರಲ್ಲಿ ವಿಧಿಸಿತು. ನೆರೆಯ ಕೇರಳವು 2023ರ ಜನವರಿಯಲ್ಲಿ ಹದಿನೆಂಟು ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳ ರಜೆಯನ್ನು ಕೊಟ್ಟಿತು. ಹೊರನಾಡಿಗೆ ಹೋಗುವವರಿಗೂ ಈ ಕಾಳಜಿಯು ಚಾಚಬೇಕು. ಹೊರಡುವ ಮುನ್ನ ಪ್ರತಿ ವಿದ್ಯಾರ್ಥಿನಿಯ ಕೈಗೂ, ವಿದ್ಯಾರ್ಥಿಯ ಕೈಗೂ, ಕನ್ನಡದಲ್ಲಿ ಅಚ್ಚಾದ ಒಂದು ಸಣ್ಣ ಕೈಪಿಡಿಯು ಸೇರಲಿ. ಬಸಿರಾದರೆ ಮೊದಲು ಯಾರನ್ನು ಕಾಣಬೇಕು, ಯಾವ ಹಕ್ಕು ಉಂಟು, ಯಾವುದು ಇಲ್ಲ, ಜನನದ ನೋಂದಣಿ ಎಲ್ಲಿ ಎಂಬುದು ಅದರಲ್ಲಿರಲಿ. ರಾಯಭಾರ ಕಚೇರಿಗಳಲ್ಲಿ ಇಂತಹ ಕರೆಗೆ ಓಗೊಡುವ ಸ್ತ್ರೀ ಅಧಿಕಾರಿಯೊಬ್ಬರು ಇರಲಿ. ಇದಕ್ಕೆ ದೊಡ್ಡ ಬೊಕ್ಕಸವು ಬೇಕಾಗಿಲ್ಲ, ಮನಸ್ಸು ಬೇಕು.

ವಿದ್ಯೆಗಾಗಿ ಹಡಗನ್ನೇರಿದ ನಮ್ಮ ದೇಶದ ಹೆಣ್ಣುಮಕ್ಕಳ ಚರಿತ್ರೆಯು ಆನಂದಿಬಾಯಿ ಜೋಶಿಯವರನ್ನು ನೆನೆಯದೆ ಆರಂಭವಾಗುವುದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸು ಹತ್ತು ದಿನಗಳಲ್ಲಿ ತೀರಿಕೊಂಡಿತು. ಆ ದುಃಖವೇ ಅವರನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು. 1883ರಲ್ಲಿ ಕಲ್ಕತ್ತೆಯಿಂದ ಹೊರಟು ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿ, 1886ರಲ್ಲಿ ಪದವಿ ಪಡೆದರು. ಅವರ ಪ್ರಬಂಧದ ವಿಷಯವು ಪ್ರಸೂತಿ ಶಾಸ್ತ್ರವೇ ಆಗಿದ್ದಿತು. ಮರುವರ್ಷವೇ ಅವರು ಇಪ್ಪತ್ತೆರಡು ತುಂಬುವ ಮೊದಲೇ ಕಾಲವಶರಾದರು. ತಾಯ್ತನವೂ ವಿದ್ಯೆಯೂ ಒಂದನ್ನೊಂದು ಅಳಿಸತಕ್ಕವಲ್ಲವೆಂಬುದನ್ನು ಆ ಅಲ್ಪಾಯುಷಿಯು ನೂರನಲವತ್ತು ವರ್ಷಗಳ ಹಿಂದೆಯೇ ತೋರಿಸಿದ್ದಾರೆ.

ಈ ಭಾದ್ರಪದದಲ್ಲಿಯೂ ಪೆಟ್ಟಿಗೆಗಳು ಕಟ್ಟಲ್ಪಡುವುವು. ಉಪ್ಪಿನಕಾಯಿಯ ಜಾಡಿಯನ್ನು ಇಡುವಾಗ ತಾಯಂದಿರು ಒಂದು ಮಾತನ್ನೂ ಅದರ ಜೊತೆಗಿಡಲಿ: ‘ಅಲ್ಲಿ ನಿನಗೆ ಏನೇ ಆಗಲಿ, ಮಗು, ಮೊದಲು ನನಗೆ ಹೇಳು.’ ಆ ಮಾತಿಗೆ ತೂಕವಿಲ್ಲ; ವಿಮಾನದವರು ಅದಕ್ಕೆ ಸುಂಕವನ್ನು ಕೇಳುವುದಿಲ್ಲ. ಕಷ್ಟಕಾಲದಲ್ಲಿ ಮಗಳಿಗೆ ಮೊದಲು ಒದಗುವುದು ಅದೇ.