ಟನ್ನಿನ ಲೆಕ್ಕದಲ್ಲಿ ಉಪ್ಪಾಗೆ ಸಸಿ ಎಲ್ಲಿದೆ?



ನಿಮ್ಮ ಪೈಕಿ ಮಲೆನಾಡಿನ ಅಕೇಶಿಯಾ ಪ್ಲಾಂಟೇಶನ್ ಪಕ್ಕದಲ್ಲಿ ಇರುವವರು ಒಂದು ದಿನ ಪುರಸೊತ್ತು ಮಾಡಿಕೊಂಡು ಅದರೊಳಗೆ ನಡೆದು ಬನ್ನಿ. ಮೇಲೆ ನೋಡಬೇಡಿ, ನೆಲ ನೋಡಿ. ಹತ್ತಿರದಲ್ಲಿ ಹಳೆಯ ಕಾಡು ಉಳಿದಿದ್ದರೆ ಗಾಳಿ, ಹಕ್ಕಿ, ಮಂಗ ತಂದು ಹಾಕಿದ ಬೀಜದಿಂದ ಉಪ್ಪಾಗೆ, ಮುರುಗಲು, ಮತ್ತಿ, ನೇರಳೆ ಸಸಿಗಳು ಎದ್ದಿರುತ್ತವೆ. ಅಲ್ಲಲ್ಲಿ ಸೀಗೆ ಬಳ್ಳಿ ಹಬ್ಬಿರುತ್ತದೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಸರ್ಕಾರಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೆ ಕಡಿತದ ದಿನ ಬಂತು ಅಂದರೆ ಇಷ್ಟೂ ನೆಲಸಮ.

ನಮ್ಮ ಊರ ಹಿಂದಿನ ಬ್ಲಾಕ್ ಕಡಿದಾಗ ನಾನೇ ನಿಂತು ನೋಡಿದ್ದೇನೆ. ಗರಗಸದಿಂದ ಸತ್ತ ಸಸಿ ಕಡಿಮೆ. ದಿಮ್ಮಿ ಎಳೆದ ದಾರಿಯಲ್ಲಿ ಒಂದಷ್ಟು ಹೋದವು, ಲಾರಿ ತಿರುಗಿದ ಕಡೆ ಒಂದಷ್ಟು. ಉಳಿದವನ್ನು ಮುಗಿಸಿದ್ದು ಆಮೇಲೆ ಬಂದ ‘ಕ್ಲೀನಿಂಗ್’. ಸೊಪ್ಪುಸದೆ ರಾಶಿ ಹಾಕಿ ಬೆಂಕಿ ಕೊಟ್ಟರು, ಹೊಸ ಗುಂಡಿ ತೆಗೆಯಲಿಕ್ಕೆ ನೆಲ ಸವರಿದರು. ಎರಡು ವರ್ಷ ಬಿಟ್ಟು ಬಳ್ಳಿ ಕಡಿಯುವ ಕೆಲಸ ಅಂತ ಸೀಗೆಯನ್ನೂ ಬುಡಸಮೇತ ತೆಗೆದರು. ಅವರ ಪುಸ್ತಕದಲ್ಲಿ ಸೀಗೆ ಕಳೆ. ನಮ್ಮ ಹೆಂಗಸರಿಗೆ ಅದು ಸಂತೆಯ ದುಡ್ಡು.

ಈಗ ಒಂದು ಲೆಕ್ಕ ಹಾಕೋಣ, ನೀವೇ ಹೇಳಿ. ಕಾಗದದ ತಿರುಳಿಗೆ ಬೆಳೆಸುವ ಅಕೇಶಿಯಾ ಸುಮಾರು 8–10 ವರ್ಷಕ್ಕೆ ಕಡಿತಕ್ಕೆ ಬರುತ್ತದೆ. ಬೀಜದಿಂದ ಎದ್ದ ಉಪ್ಪಾಗೆ ಕಾಯಿ ಬಿಡಲಿಕ್ಕೆ 10–12 ವರ್ಷ ಬೇಕು. ಅಂದರೆ ಫಲಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅದರ ತಲೆ ಹೋಗುತ್ತದೆ. ಮತ್ತೆ ಸಸಿ, ಮತ್ತೆ ಕಡಿತ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಸರ್ಕಾರ 1980ರಲ್ಲಿ 40 ವರ್ಷಕ್ಕೆ ಗೇಣಿ ಕೊಟ್ಟ ಕಾಡುಭೂಮಿ ಸುಮಾರು 20 ಸಾವಿರ ಹೆಕ್ಟೇರ್. 2020ರಲ್ಲಿ ಅವಧಿ ಮುಗಿಯಿತು. ಕಾರ್ಖಾನೆ ಆಗಲೇ ಕಾಗದ ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು, ಆದರೂ ಅದೇ ವರ್ಷ ಇನ್ನೂ 40 ವರ್ಷ ವಿಸ್ತರಿಸಿದರು! ನಮ್ಮ ಸಾಲದ ಕಂತು 40 ದಿನ ತಡವಾದರೆ ನೋಟೀಸು ಬರುತ್ತದೆ, ಅದಿರಲಿ. 40 ವರ್ಷ ಅಂದರೆ ನಾಲ್ಕು ಕಡಿತ, ಒಬ್ಬ ರೈತನ ದುಡಿಯುವ ಆಯುಷ್ಯವೆಲ್ಲ. ಅಷ್ಟರಲ್ಲಿ ಒಂದು ಉಪ್ಪಾಗೆ ಮರವೂ ಕಾಯಿ ಕಾಣದಿದ್ದರೆ ಆ ನಷ್ಟ ಯಾರ ಖಾತೆಗೆ?

ಉಪ್ಪಾಗೆ ಬರುವುದು ಮಳೆಗಾಲದಲ್ಲಿ. ಅಡಿಕೆ ದುಡ್ಡು ಖರ್ಚಾಗಿ, ನಾಟಿಗೆ ಕೈಸಾಲ ಹುಡುಕುವ ಹೊತ್ತದು. ಭೂಮಿ ಇಲ್ಲದವನಿಗಂತೂ ಸಿಪ್ಪೆ ಒಣಗಿಸಿ ಮಾರಿದ ದುಡ್ಡೇ ಮಳೆಗಾಲದ ಅಕ್ಕಿ. ಅದು ತಪ್ಪಿದರೆ ಸಾಹುಕಾರನ ಜಗಲಿ. ಸೊಪ್ಪಿನ ಮಾತೂ ಹಾಗೆಯೇ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟದ್ದು ಸುಮ್ಮನೆ ಅಲ್ಲ. ಬೆಟ್ಟವಿಲ್ಲದವನು ಸುತ್ತಲಿನ ಕಾಡಿನ ಮತ್ತಿ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸುತ್ತಾನೆ. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ, ದನ ಮೂಸಿ ನೋಡುವುದಿಲ್ಲ. ಗೊಬ್ಬರ ಕಡಿಮೆಯಾದಷ್ಟೂ ಸೊಸೈಟಿಯಲ್ಲಿ ಚೀಲ ಎತ್ತಬೇಕು, ಅದೂ ಸಾಲದ ಮೇಲೆ.

ಇದು ಹೊಸ ಜಗಳವೇನಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಮರುತಿಂಗಳೇ ಶಿರಸಿ ಸೀಮೆಯ ಸಲಕಣಿಯವರು ಮರ ಅಪ್ಪಿಕೊಂಡರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ನಡೆಯಿತು. ಅಲ್ಲಿ ಎದುರಿಗಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು 1991ರಲ್ಲಿ ಮುಚ್ಚಬೇಕಾಯಿತು. ಈ ಮೂರರಲ್ಲೂ ಕೇಳಿದ್ದು ಒಂದೇ ಪ್ರಶ್ನೆ: ಕಾಡಿನಲ್ಲಿ ಯಾವ ಗಿಡ ಇರಬೇಕು ಅಂತ ತೀರ್ಮಾನಿಸುವವರು ಯಾರು?

ಮರ ಕಡಿಯಲೇಬಾರದು ಅನ್ನುವವನು ನಾನಲ್ಲ. ನಮಗೂ ಮಕ್ಕಳ ಪುಸ್ತಕಕ್ಕೆ ಕಾಗದ ಬೇಕು, ಕಡಿತದಲ್ಲಿ ಕೂಲಿಯೂ ಸಿಗುತ್ತದೆ. ನಮ್ಮ ಕೈಯೂ ಪೂರ್ತಿ ಚೊಕ್ಕವಲ್ಲ. ರೇಟು ಏರಿದ ವರ್ಷ ಇನ್ನೊಬ್ಬ ಕೊಯ್ದಾನು ಅಂತ ಎಳೆಕಾಯಿ ಉದುರಿಸಿದವರು, ಕೊಂಬೆಯನ್ನೇ ಕಡಿದು ಕೆಡವಿದವರು ನಾವೇ ಅಲ್ಲವೇ? ಆದರೆ ಕೊಂಬೆ ಕಡಿದ ಮರ ಮತ್ತೆ ಚಿಗುರೀತು. ಬುಲ್ಡೋಜರ್ ಹಾಯಿಸಿ ಬೆಂಕಿ ಕೊಟ್ಟ ನೆಲದಲ್ಲಿ ಚಿಗುರುವುದಾದರೂ ಏನು?

ಕೇಳುವುದು ದೊಡ್ಡದೇನಲ್ಲ. ಅಕೇಶಿಯಾ ಕಡಿದುಕೊಳ್ಳಲಿ, ನಾಡಗಿಡ ಬಿಡಲಿ. ದಿಮ್ಮಿ ಎಳೆಯಲಿಕ್ಕೆ ಒಂದೇ ದಾರಿ ಗುರುತು ಮಾಡಲಿ. ಹಳ್ಳದ ಎರಡೂ ದಂಡೆಗೆ ಕೈ ಹಚ್ಚದಿರಲಿ. ಸದೆಗೆ ಬೆಂಕಿ ಬೇಡ. ಸಸಿ ದಟ್ಟವಾಗಿ ಎದ್ದ ಕಡೆ ಮತ್ತೆ ಅಕೇಶಿಯಾ ನೆಡುವುದೇ ಬೇಡ. ಟೆಂಡರ್ ಕರಾರಿನಲ್ಲಿ ಇಷ್ಟನ್ನೂ ಬರೆದು, ಮುರಿದವನಿಗೆ ದಂಡ ಹಾಕಲಿ. ದಿಮ್ಮಿಗೆ ನಂಬರು ಹೊಡೆಯುವವರಿಗೆ ಸಸಿ ಎಣಿಸುವುದು ಕಷ್ಟವಾಗಬಾರದು.

ಅವರು ಎಣಿಸದಿದ್ದರೆ ನಾವು ಎಣಿಸೋಣ. ನಿಮ್ಮೂರ ಬ್ಲಾಕಿನಲ್ಲಿ ಕಡಿತದ ಮಾರ್ಕಿಂಗ್ ಶುರುವಾಗುವ ಮೊದಲೇ ನಾಲ್ಕು ಜನ ಸುಣ್ಣದ ಡಬ್ಬ ಹಿಡಿದು ಹೋಗಿ. ಗಿಡ ಬಲ್ಲ ಮುದುಕಿಯೊಬ್ಬರನ್ನು ಕರೆದುಕೊಂಡೇ ಹೋಗಿ, ನಮ್ಮ ಹುಡುಗರಿಗೆ ಈಗ ಉಪ್ಪಾಗೆಗೂ ಮುರುಗಲಿಗೂ ವ್ಯತ್ಯಾಸ ಗೊತ್ತಿಲ್ಲ. ಒಂದೊಂದಕ್ಕೂ ಗೆರೆ ಎಳೆದು ಯಾವ ಗಿಡ ಎಷ್ಟು ಅಂತ ಪಟ್ಟಿ ಮಾಡಿ. ಒಂದು ಪ್ರತಿ ರೇಂಜ್ ಆಫೀಸಿಗೆ, ಒಂದು ಪಂಚಾಯಿತಿಗೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.