ಒಂದು ಕಚೇರಿಗೆ ಒಂದೇ ಅಳತೆಗೋಲು ಇರಲಿ

ಇಬ್ಬರು ಆರೋಪಿಗಳು, ಒಂದೇ ಬಗೆಯ ಕಳ್ಳತನ, ಇಬ್ಬರ ಮೇಲೂ ಹಿಂದಿನ ಪ್ರಕರಣಗಳಿಲ್ಲ. ಒಬ್ಬನ ಜಾಮೀನು ಅರ್ಜಿಗೆ ಸರ್ಕಾರಿ ಅಭಿಯೋಜಕರು ಬಲವಾದ ತಕರಾರು ಸಲ್ಲಿಸುತ್ತಾರೆ. ಪಕ್ಕದ ಕೋರ್ಟ್ ಹಾಲ್‌ನಲ್ಲಿ ಅವರದೇ ಕಚೇರಿಯ ಸಹೋದ್ಯೋಗಿ ವಿಷಯವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡುತ್ತಾರೆ. ಹೀಗಾದಾಗ ಯಾರು ಮನೆಗೆ ಹೋಗಬೇಕು, ಯಾರು ಜೈಲಿನಲ್ಲಿ ಉಳಿಯಬೇಕು ಎಂಬುದು ಕಡತ ಯಾರ ಮೇಜಿಗೆ ಬಂತು ಎನ್ನುವುದರ ಮೇಲೆ ನಿಂತುಬಿಡುತ್ತದೆ. ಬಡ ಆರೋಪಿಗೆ ಇದರಷ್ಟು ದೊಡ್ಡ ಅನ್ಯಾಯ ಇನ್ನೊಂದಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂ, ಜಿಲ್ಲಾ ಅಭಿಯೋಜನಾ ನಿರ್ದೇಶನಾಲಯಗಳಿಗೆ ಅವಕಾಶ ಕೊಟ್ಟಿದೆ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳ ಮೇಲುಸ್ತುವಾರಿ ಸಹಾಯಕ ನಿರ್ದೇಶಕರದು. ನಮ್ಮ ಕೆಳ ನ್ಯಾಯಾಲಯಗಳಲ್ಲಿ ತುಂಬಿರುವುದು ಇಂಥವೇ. ಈ ಮೇಲುಸ್ತುವಾರಿ ವಿಚಾರಣೆ ಚುರುಕುಗೊಳಿಸುವುದಕ್ಕಷ್ಟೇ ಸೀಮಿತವಾಗಬಾರದು. ಜಾಮೀನು, ಮೇಲ್ಮನವಿ, ಪ್ರಕರಣ ಹಿಂತೆಗೆತದ ನಿಲುವುಗಳನ್ನೂ ಹೋಲಿಸಿ ನೋಡಬೇಕು.

ಮೇಲಿನವರ ಅಪ್ಪಣೆಗೆ ತಲೆಯಾಡಿಸುವುದು ಏಕರೂಪತೆ ಅಲ್ಲ. ಪ್ರಕರಣ ಹಿಂತೆಗೆಯುವಾಗ ಅಭಿಯೋಜಕರು ಸ್ವತಂತ್ರವಾಗಿ ಯೋಚಿಸಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆ ಸ್ವಾತಂತ್ರ್ಯ ಉಳಿಯಲಿ, ಜೊತೆಗೆ ಕಾರಣವೂ ಬರಹದಲ್ಲಿರಲಿ. ಖುಲಾಸೆಯಾದ ಪ್ರಕರಣಗಳನ್ನು ಪೊಲೀಸ್ ಮತ್ತು ಅಭಿಯೋಜನಾ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕೆಂದು 2014ರಲ್ಲೇ ಅದೇ ನ್ಯಾಯಾಲಯ ರಾಜ್ಯಗಳಿಗೆ ಸೂಚಿಸಿತ್ತು. ಜಾಮೀನಿನ ನಿಲುವಿಗೂ ಅಂಥ ಪರಿಶೀಲನೆ ಬೇಕು. ತಕರಾರು ಏಕೆ ಹಾಕಿದೆವು, ಏಕೆ ಹಾಕಲಿಲ್ಲ ಎಂದು ಕಡತದಲ್ಲಿ ನಾಲ್ಕು ಸಾಲು ಬರೆದಿಡುವ ಪದ್ಧತಿಯನ್ನು ರಾಜ್ಯದ ಅಭಿಯೋಜನಾ ಇಲಾಖೆ ಈಗಲೇ ಆರಂಭಿಸಬೇಕು.